ನಿನಗೆ ಹೇಳಿದ ಒಂದು ಮಾತು ವಾಪಸ್ ತಗೊಳ್ತೀನಿ

ಪ್ರೀತಿಯ ಗೆಳೆಯ,

ಹೋದ ತಿಂಗಳು ಫೋನಿನಲ್ಲಿ ನಿನಗೊಂದು ಮಾತು ಹೇಳಿದ್ದೆ. ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ಅವತ್ತಿನಿಂದ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಚುಚ್ಚುತ್ತಲೇ ಇದೆ.

ನೀನು ಅಪ್ಪನ ಕಾರ್ಯವೆಲ್ಲ ಮುಗಿಸಿ ಸಿಯಾಟಲ್‌ಗೆ ವಾಪಸ್ ಹೋಗಿ ಹತ್ತು ದಿನ ಆಗಿತ್ತು. "ಅಳು ಬರ್ತಿಲ್ಲ ಕಣೋ. ಆಫೀಸಿಗೆ ಹೋಗ್ತೀನಿ, ಬರ್ತೀನಿ. ಬರೀ ಅಪ್ಪನ ಚಪ್ಪಲಿ ಕಣ್ಣ ಮುಂದೆ ಬರುತ್ತೆ. ಅಮ್ಮ ಅದನ್ನ ಎಲ್ಲಿಟ್ಟಿದ್ದಾಳೋ ಗೊತ್ತಿಲ್ಲ, ಕೇಳೋಕೂ ಆಗ್ತಿಲ್ಲ" ಅಂದೆ. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಹಾಗೇ ಸುಮ್ಮನಿದ್ದುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಫೋನಿನಲ್ಲಿ ಮೌನ ತಡೆಯುವುದು ಕಷ್ಟ ಅಲ್ವಾ. "ಬಿಡೋ, ಪ್ರತಿಯೊಂದೂ ನಮಗೆ ಏನೋ ಪಾಠ ಕಲಿಸೋಕೇ ಬರುತ್ತೆ" ಅಂದುಬಿಟ್ಟೆ. ನೀನು "ಹೂಂ" ಅಂದೆ. ಆಮೇಲೆ ಅಲ್ಲಿನ ಮಳೆಯ ವಿಷಯ ಮಾತಾಡಿ ಫೋನ್ ಇಟ್ಟೆವು.

ಫೋನ್ ಇಟ್ಟ ಮೇಲೆ ನೆನಪಾಯಿತು. ಸರಿಯಾಗಿ ಈ ಮಾತಿಗೇ ಒಬ್ಬ ಹಾಡುಗಾರ ಉತ್ತರ ಕೊಟ್ಟಿದ್ದಾನೆ. ಅವನ ಹೆಂಡತಿ ತೀರಿಕೊಂಡ ಮೇಲೆ ಮಾಡಿದ ರೆಕಾರ್ಡಿನ ಮೊದಲ ಹಾಡು ಮುಗಿಯುವುದೇ ಅಲ್ಲಿ. ಇದರಿಂದ ನನಗೆ ಏನನ್ನೂ ಕಲಿಯುವುದು ಬೇಕಿಲ್ಲ, ನಿನ್ನನ್ನು ಪ್ರೀತಿಸುತ್ತೇನೆ, ಅಷ್ಟೇ. ಗಿಟಾರು ನಿಲ್ಲುತ್ತದೆ.

ಆ ರೆಕಾರ್ಡಿನ ವಿಷಯ ನಿನಗೆ ಬರೆಯಬೇಕು ಅಂತ ಕೂತಿದ್ದೇನೆ. ಹೆಸರು 'ಎ ಕ್ರೋ ಲುಕ್ಡ್ ಅಟ್ ಮಿ'. ಕಾಗೆಯೊಂದು ನನ್ನನ್ನು ನೋಡಿತು. 2017ರ ಮಾರ್ಚ್‌ನಲ್ಲಿ ಬಂದದ್ದು. ಮಾಡಿದವನು ಫಿಲ್ ಎಲ್ವೆರಮ್, ಹಾಡುವುದು 'ಮೌಂಟ್ ಈರಿ' ಅನ್ನುವ ಹೆಸರಿನಲ್ಲಿ. ನಿನಗೆ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಈ ಮನುಷ್ಯ ಹುಟ್ಟಿ ಬೆಳೆದದ್ದು ನಿನ್ನ ಮನೆಯಿಂದ ಕಾರಿನಲ್ಲಿ ಒಂದೂವರೆ ಗಂಟೆ ದೂರದಲ್ಲಿ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಟ್ಯುಲಿಪ್ ತೋಟಕ್ಕೆ ಹೋಗಿ ಕೆಂಪು ಸೀರೆಯ ಮುಂದೆ ಕೆಂಪು ಹೂವು ಇಟ್ಟು ಮೂವತ್ತು ಫೋಟೋ ಕಳಿಸಿದ್ದೆಯಲ್ಲ, ಆ ಸ್ಕ್ಯಾಜಿಟ್ ಕಣಿವೆಯಿಂದ ಪಶ್ಚಿಮಕ್ಕೆ ಇನ್ನರ್ಧ ಗಂಟೆ ಹೋದರೆ ಅನಕಾರ್ಟಿಸ್. ಸ್ಯಾನ್ ಹ್ವಾನ್ ದ್ವೀಪಗಳಿಗೆ ಫೆರಿ ಹೊರಡುವ ಊರು. ಸೇತುವೆ ದಾಟಿದರೆ ಫಿಡಾಲ್ಗೋ ದ್ವೀಪ, ದ್ವೀಪದ ತುದಿಯಲ್ಲಿ ಊರು, ಊರಿನ ಆಚೆ ಎಣ್ಣೆ ಸಂಸ್ಕರಿಸುವ ಕಾರ್ಖಾನೆಗಳು, ಮಧ್ಯದಲ್ಲಿ ಮೌಂಟ್ ಈರಿ ಅನ್ನುವ ಗುಡ್ಡ. ಎತ್ತರ 400 ಮೀಟರ್ ಕೂಡ ಇಲ್ಲ. ಆ ಗುಡ್ಡದ ಹೆಸರಿಗೆ ಇವನು ಒಂದು ಅಕ್ಷರ ಜಾಸ್ತಿ ಸೇರಿಸಿಕೊಂಡ. ಹಾಗೆ ಸೇರಿಸಿದರೆ ಇಂಗ್ಲಿಷಿನಲ್ಲಿ 'ಮೈ ಜುಂ ಅನ್ನಿಸುವಂಥದ್ದು' ಅನ್ನುವ ಅರ್ಥ ಬರುತ್ತದೆ. ಚಾಮುಂಡಿ ಬೆಟ್ಟ ನೋಡಿಕೊಂಡು ಬೆಳೆದ ನಮಗೆ ಇದು ಅರ್ಥವಾಗುತ್ತದೆ. ಊರಿನ ಗುಡ್ಡ ಅಂದರೆ ಗುಡ್ಡ ಮಾತ್ರ ಅಲ್ಲ, ದಿಕ್ಕು.

ಇವನ ರೆಕಾರ್ಡುಗಳನ್ನು ಲೆಕ್ಕ ಹಾಕುವುದು ಕಷ್ಟದ ಕೆಲಸ. 1978ರಲ್ಲಿ ಹುಟ್ಟಿದವನು. ಹದಿಹರೆಯ ಮುಗಿಯುವ ಮೊದಲೇ 'ದಿ ಮೈಕ್ರೋಫೋನ್ಸ್' ಅನ್ನುವ ಹೆಸರಿನಲ್ಲಿ ಕ್ಯಾಸೆಟ್ ಮಾಡಲು ಶುರು ಮಾಡಿದ. 2001ರಲ್ಲಿ 'ದಿ ಗ್ಲೋ ಪಾರ್ಟ್ 2' ಬಂದಾಗ ಹೆಸರು ಬಂತು. ಟೇಪಿನ ಮೇಲೆ ಟೇಪು ಹೇರಿ, ಗಾಳಿ ಬೀಸಿದ ಹಾಗೆ, ಹಡಗಿನ ಸೀಟಿ ಊದಿದ ಹಾಗೆ ಸದ್ದು ಮಾಡಿದ ರೆಕಾರ್ಡು ಅದು. ಆಮೇಲೆ ನಾರ್ವೆಯ ಉತ್ತರಕ್ಕೆ ಹೋಗಿ ಒಂದು ಚಳಿಗಾಲ ಪೂರ್ತಿ ಗುಡಿಸಲಿನಲ್ಲಿ ಒಬ್ಬನೇ ಕೂತು ಬಂದ. ಬಂದವನು ಹೆಸರು ಬದಲಿಸಿಕೊಂಡ. ತನ್ನದೇ ಸಣ್ಣ ಕಂಪನಿ ಮಾಡಿಕೊಂಡು ತನ್ನ ರೆಕಾರ್ಡು ತಾನೇ ಮಾರಿದ. ದೊಡ್ಡ ಕಂಪನಿಗಳ ಕಡೆ ತಿರುಗಿ ನೋಡಲಿಲ್ಲ. 2012ರಲ್ಲಿ ಒಂದೇ ವರ್ಷ ಎರಡು ಆಲ್ಬಂ. 2015ರಲ್ಲಿ 'ಸೌನಾ'. ಎಲ್ಲದರಲ್ಲೂ ಬೆಟ್ಟ, ಮಂಜು, ಚಂದ್ರ, ಸಮುದ್ರ, ಕತ್ತಲು, ನಾನು ಯಾರು, ಈ ಶೂನ್ಯ ಏನು. ನಿಜ ಹೇಳುತ್ತೇನೆ, ಅದರಲ್ಲಿ ಎಷ್ಟೋ ನನಗೆ ಸ್ವಲ್ಪ ಜಾಸ್ತಿ ಆಯಿತು. ಮಂಜಿನ ಬಗ್ಗೆ ಒಬ್ಬ ಎಷ್ಟು ಹಾಡಬಹುದು? ನಾನು ಮಡಿಕೇರಿಯಲ್ಲಿ ಮೂರು ವರ್ಷ ಕೆಲಸ ಮಾಡಿದವನು, ಮಂಜಿನಲ್ಲಿ ಬಟ್ಟೆ ಒಣಗುವುದಿಲ್ಲ ಅಂತ ಗೊತ್ತಿದೆ.

ಅವನ ಹೆಂಡತಿ ಜೆನೆವೀವ್ ಕಸ್ತ್ರೇ. ಕೆನಡಾದ ಕ್ವಿಬೆಕ್ ಪ್ರಾಂತದವಳು. ಕಾಮಿಕ್ಸ್ ಬರೆಯುವವಳು, ತಾನೂ ಹಾಡುವವಳು. 2015ರಲ್ಲಿ ಮಗಳು ಹುಟ್ಟಿ ನಾಲ್ಕು ತಿಂಗಳಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಂತ ಗೊತ್ತಾಯಿತು. ಅಷ್ಟು ಹೊತ್ತಿಗೆ ಅದು ಶಸ್ತ್ರಚಿಕಿತ್ಸೆಯ ಹಂತ ದಾಟಿಹೋಗಿತ್ತು. ಒಂದು ವರ್ಷ ಚಿಲ್ಲರೆ. 2016ರ ಜುಲೈ 9ರಂದು ಮನೆಯಲ್ಲೇ ಹೋದಳು. 35 ವರ್ಷ.

ಆ ವರ್ಷವೇ ಆಗಸ್ಟ್ 31ರಿಂದ ಡಿಸೆಂಬರ್ 6ರವರೆಗೆ ಅವನು ಈ ಹನ್ನೊಂದು ಹಾಡು ಬರೆದು ರೆಕಾರ್ಡ್ ಮಾಡಿದ. ಎಲ್ಲಿ ಗೊತ್ತಾ? ಅವಳು ಪ್ರಾಣ ಬಿಟ್ಟ ಅದೇ ಕೋಣೆಯಲ್ಲಿ. ಅವಳ ಗಿಟಾರು, ಅವಳು ತಂತಿ ಮೀಟುತ್ತಿದ್ದ ಚಿಕ್ಕ ಬಿಲ್ಲೆ, ಅವಳ ಮನೆತನದ ಹಳೆಯ ಅಕಾರ್ಡಿಯನ್. ಸಾಹಿತ್ಯ ಬರೆದದ್ದೂ ಅವಳ ಕಾಗದದ ಮೇಲೆ, ಅದೇ ಕಿಟಕಿಯಿಂದ ಹೊರಗೆ ನೋಡುತ್ತಾ. ಟೇಪಿನ ಮೇಲೆ ಟೇಪು ಹೇರುತ್ತಿದ್ದ ಮನುಷ್ಯ ಇಲ್ಲಿ ಎಲ್ಲ ಬಿಟ್ಟುಬಿಟ್ಟಿದ್ದಾನೆ. ಒಂದು ಗಿಟಾರು, ಒಂದು ದನಿ. ಅಲ್ಲೊಂದು ಇಲ್ಲೊಂದು ಪಿಯಾನೋದ ಸದ್ದು, ಎಲ್ಲೋ ದೂರದಲ್ಲಿ ತಟ್ಟಿದ ಹಾಗೆ ತಾಳ. ಪಕ್ಕದ ಕೋಣೆಯಲ್ಲಿ ಮಗು ಮಲಗಿದೆಯೇನೋ ಅನ್ನುವಷ್ಟು ಮೆತ್ತಗೆ ಹಾಡುತ್ತಾನೆ. ಹಾಡುತ್ತಾನೆ ಅನ್ನುವುದೂ ತಪ್ಪೇ. ಹೇಳುತ್ತಾ ಹೋಗುತ್ತಾನೆ, ಮಾತು ಸ್ವಲ್ಪ ಸ್ವರದ ಕಡೆ ವಾಲುತ್ತದೆ.

ನಾನು ಇದನ್ನು ಮೊದಲ ಸಲ ಕೇಳಿದ್ದು ಅಮ್ಮ ಹೋದ ವರ್ಷ. ಎರಡನೇ ಹಾಡಿಗೇ ನಿಲ್ಲಿಸಿಬಿಟ್ಟೆ. ದುಃಖ ತಡೆಯಲಾಗದೆ ಅಲ್ಲ, ಸುಳ್ಳು ಹೇಳುವುದಿಲ್ಲ. ಬೇಜಾರಾಗಿ. ನಮಗೆ ಭಾವಗೀತೆ ಕೇಳಿದ ಕಿವಿ. ಪಲ್ಲವಿ ಬರಬೇಕು, ಚರಣಕ್ಕೆ ಹೋಗಬೇಕು, ಮತ್ತೆ ಪಲ್ಲವಿಗೆ ಬಂದು ಕೂರಬೇಕು. ಇದರಲ್ಲಿ ವಾಪಸ್ ಬರುವುದೇ ಇಲ್ಲ. ಸಾಲು ಎಲ್ಲೆಲ್ಲೋ ಮುರಿಯುತ್ತದೆ. ಪ್ರಾಸ ಇಲ್ಲ. ಡೈರಿ ಓದಿದ ಹಾಗೆ ತಾರೀಕು ಹೇಳುತ್ತಾನೆ. ಇದೇನು ಹಾಡಾ ಅನ್ನಿಸಿತ್ತು.

ನಿನ್ನ ಫೋನ್ ಬಂದ ರಾತ್ರಿ ಮತ್ತೆ ಹಾಕಿಕೊಂಡೆ. ಮನೆಯವರೆಲ್ಲ ಮಲಗಿದ್ದರು. ಟೆರೇಸಿನ ಮೇಲೆ, ನೀರಿನ ಟ್ಯಾಂಕಿಗೆ ಒರಗಿ ಕೂತು, ಇಯರ್‌ಫೋನ್ ಹಾಕಿಕೊಂಡು. ನಲವತ್ತು ನಿಮಿಷದ ರೆಕಾರ್ಡು. ಎದ್ದಾಗ ರಾತ್ರಿ ಎರಡಾಗಿತ್ತು.

ಶುರುವಿನಲ್ಲೇ ಹೇಳಿಬಿಡುತ್ತಾನೆ. ಸಾವು ಅನ್ನುವುದು ನಿಜ, ಅದು ಹಾಡುವುದಕ್ಕೆ ಇರುವುದಲ್ಲ, ಕಲೆ ಮಾಡುವುದಕ್ಕೆ ಇರುವುದಲ್ಲ ಅಂತ. ನಿಜವಾದ ಸಾವು ಮನೆಯೊಳಗೆ ಬಂದಾಗ ಕವಿತೆಯೆಲ್ಲ ದಡ್ಡತನ ಅನ್ನಿಸುತ್ತದಂತೆ. ಇದನ್ನು ಹೇಳುತ್ತಿರುವವನು ಇಪ್ಪತ್ತು ವರ್ಷ ಬೆಟ್ಟ ಮತ್ತು ಮಂಜಿನ ಹಿಂದೆ ಬಿದ್ದವನು ಅನ್ನುವುದು ಗೊತ್ತಿದ್ದರೆ ಆ ಮಾತಿನ ತೂಕ ಬೇರೆ. ಏಳು ಜನ್ಮಕ್ಕಾಗುವಷ್ಟು ಉಪಮೆ ಕೂಡಿಟ್ಟಿದ್ದವನು. ಬೇಕಾದ ದಿನ ಪೆಟ್ಟಿಗೆ ತೆಗೆದರೆ ಒಂದೂ ಚಲಾವಣೆಯಾಗುವ ನೋಟಲ್ಲ.

ಹಾಗಾದರೆ ಇನ್ನೇನು ಉಳಿಯಿತು? ಸಾಮಾನು ಉಳಿಯಿತು.

ಅವಳು ಹೋಗಿ ಒಂದು ವಾರಕ್ಕೆ ಮನೆಗೊಂದು ಪಾರ್ಸೆಲ್ ಬರುತ್ತದೆ. ಮೇಲೆ ಅವಳ ಹೆಸರು. ಬಿಚ್ಚಿದರೆ ಒಳಗೆ ಮಗುವಿಗೆ ಒಂದು ಬ್ಯಾಗು, ಬೆನ್ನಿಗೆ ಹಾಕಿಕೊಳ್ಳುವಂಥದ್ದು. ಮಗುವಿಗೆ ಆಗಿನ್ನೂ ಒಂದೂವರೆ ವರ್ಷ. ಮುಂದೆಂದೋ ಶಾಲೆಗೆ ಹೋಗುವಾಗ ಇರಲಿ ಅಂತ ಯಾರಿಗೂ ಹೇಳದೆ ತರಿಸಿದ್ದಳು. ಅವನು ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕುಸಿದು ಅತ್ತೆ ಅನ್ನುತ್ತಾನೆ. ನಾನು ಅಲ್ಲಿ ನಿಲ್ಲಿಸಿದೆ. ಕೆಳಗೆ ಹೋಗಿ ನೀರು ಕುಡಿದು ಬಂದೆ. ನಮ್ಮಮ್ಮ ಆಸ್ಪತ್ರೆಗೆ ಹೋಗುವ ಹಿಂದಿನ ವಾರ ಮಾವಿನಕಾಯಿ ಉಪ್ಪಿನಲ್ಲಿ ಹಾಕಿಟ್ಟಿದ್ದಳು. ಮೂರು ತಿಂಗಳು ನೆನೆಯಬೇಕು ಅಂತ ಭರಣಿಯ ಮೇಲೆ ಚೀಟಿ ಅಂಟಿಸಿದ್ದಳು, ತೆಗೆಯಬೇಕಾದ ತಾರೀಕು ಬರೆದು. ಆ ತಾರೀಕಿಗೆ ಅವಳು ಹೋಗಿ ಎರಡು ತಿಂಗಳಾಗಿತ್ತು. ನಾವು ತೆಗೆದೆವು, ಖಾರ ಕಲಸಿದೆವು, ತಿಂದೆವು ಕೂಡ. ಚೆನ್ನಾಗಿತ್ತು. ಆ ಚೀಟಿ ನನ್ನ ಪರ್ಸಿನಲ್ಲಿದೆ. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದು ಅಂತಲೇ ಅನ್ನಿಸಿರಲಿಲ್ಲ.

ಎರಡನೇ ಹಾಡು 'ಸೀವೀಡ್', ಸಮುದ್ರದ ಪಾಚಿ. ನೀನು ಹೋಗಿ ಹನ್ನೊಂದು ದಿನ ಆಯಿತು ಅಂತ ಶುರುವಾಗುತ್ತದೆ. ಹನ್ನೊಂದು! ಅವನಿಗೆ ಅದು ಬರೀ ಲೆಕ್ಕ. ನಮಗೆ ಆ ಸಂಖ್ಯೆ ಕಿವಿಗೆ ಬಿದ್ದರೆ ಹೋಮದ ಹೊಗೆ, ಬಾಳೆಎಲೆ, ಪುರೋಹಿತರು, ಎಲ್ಲವೂ ಒಟ್ಟಿಗೆ ಬರುತ್ತದೆ. ಅವನಿಗೆ ಅದ್ಯಾವುದೂ ಇಲ್ಲ. ಏನು ಮಾಡಬೇಕು ಅಂತ ಹೇಳುವ ಚಿಕ್ಕಪ್ಪ ಇಲ್ಲ, ಪಟ್ಟಿ ಇಲ್ಲ. ಮಗುವನ್ನು ಕರೆದುಕೊಂಡು ದೋಣಿ ಹತ್ತಿ ಒಂದು ದ್ವೀಪಕ್ಕೆ ಹೋಗುತ್ತಾನೆ. ಮೂವರೂ ಸೇರಿ ಮನೆ ಕಟ್ಟಿಕೊಳ್ಳಬೇಕು ಅಂದುಕೊಂಡಿದ್ದ ಜಾಗ. ಮನೆಯಿಂದ ಒಂದು ಕುರ್ಚಿ ಹೊತ್ತುಕೊಂಡು ಹೋಗಿ ದಿಬ್ಬದ ಮೇಲೆ ಇಡುತ್ತಾನೆ. ಅದರ ಮೇಲೆ ಅವಳ ಬೂದಿ ಸುರಿಯುತ್ತಾನೆ, ಸೂರ್ಯ ಮುಳುಗುವುದನ್ನು ನೋಡಲಿ ಅಂತ. ಮರುಕ್ಷಣವೇ, ಈ ಬೂದಿ ನೀನು ಅಂತ ನನಗೆ ಅನ್ನಿಸುವುದಿಲ್ಲ ಅನ್ನುತ್ತಾನೆ. ನಮ್ಮ ಕಾರ್ಯಗಳಲ್ಲಿ ಮಂತ್ರ ನಮ್ಮ ಪರವಾಗಿ ಮಾತಾಡಿಬಿಡುತ್ತದೆ. ಅವನು ಪ್ರತಿಯೊಂದನ್ನೂ ಮೊದಲಿಂದ ಕಂಡುಹಿಡಿಯಬೇಕು, ಕಂಡುಹಿಡಿದದ್ದರ ಮೇಲೆ ಅನುಮಾನವನ್ನೂ ಪಡಬೇಕು.

ಅದೇ ಹಾಡಿನಲ್ಲಿ ದಡದ ತುಂಬ ನೂರಾರು ಬಾತುಗಳು ಇಳಿದಿರುತ್ತವೆ, ಕೆನಡಾದ ದೊಡ್ಡ ಬಾತುಗಳು. ಇದಕ್ಕೇನಾದರೂ ಅರ್ಥ ಇದೆಯಾ, ಅಥವಾ ವಲಸೆಯ ದಾರಿಯಲ್ಲಿ ಹಸಿವಾಗಿ ಪಾಚಿ ತಿನ್ನಲು ಇಳಿದವಾ ಅಂತ ಕೇಳಿಕೊಳ್ಳುತ್ತಾನೆ. ನಿನಗೆ ಈ ಹಕ್ಕಿ ಇಷ್ಟವಿತ್ತಾ? ಆ ಹೂವು ಇಷ್ಟವಿತ್ತಾ? ನೆನಪಿಲ್ಲ. ನನ್ನ ನೆನಪಿನ ಕೆಲಸವನ್ನೆಲ್ಲ ಜಾಸ್ತಿ ನೀನೇ ಮಾಡುತ್ತಿದ್ದೆ ಅನ್ನುತ್ತಾನೆ. ಮದುವೆಯಾಗಿರುವ ಎಲ್ಲರಿಗೂ ಈ ಮಾತು ನಾಟಬೇಕು. ನಮ್ಮಪ್ಪನಿಗೆ ಇವತ್ತಿಗೂ ನೆಂಟರ ಮಕ್ಕಳ ಹೆಸರು ಗೊತ್ತಿಲ್ಲ. ಮೊದಲೆಲ್ಲ ಅಮ್ಮ ಪಕ್ಕದಲ್ಲಿ ನಿಂತು ಪಿಸುಗುಡುತ್ತಿದ್ದಳು.

ಹಸಿವಿನ ಹಕ್ಕಿ ಅನ್ನುತ್ತಲೇ ನನಗೆ ಪಶ್ಚಿಮವಾಹಿನಿ ನೆನಪಾಯಿತು. ನೀನು ಬಂದಿರಲಿಲ್ಲ, ವೀಸಾದ ತಾಪತ್ರಯ ಇತ್ತು. ಅಮ್ಮನ ಹತ್ತನೇ ದಿನ. ಶ್ರೀರಂಗಪಟ್ಟಣದ ಆ ಮೆಟ್ಟಿಲ ಮೇಲೆ ಪಿಂಡ ಇಟ್ಟು ಕಾದೆವು. ಕಾಗೆ ಬರಲಿಲ್ಲ. ಅಕ್ಕಪಕ್ಕದವರ ಎಲೆಗೆಲ್ಲ ಬಂದವು, ನಮ್ಮದಕ್ಕೆ ಬರಲಿಲ್ಲ. ಅರ್ಧ ಗಂಟೆ ಆಯಿತು. ಭಟ್ಟರು ಗಡಿಯಾರ ನೋಡಿಕೊಂಡರು. ಅವರಿಗೆ ಇನ್ನೊಂದು ಕಡೆ ಹೋಗಬೇಕಿತ್ತು. ಏನೋ ಆಸೆ ಉಳಿದಿದೆ, ಏನಾದರೂ ಮಾತು ಕೊಡಿ ಅಂದರು. ಅಪ್ಪ ಕೈ ಮುಗಿದು ನಿಂತರು, ಬಾಯಿ ಬರಲಿಲ್ಲ. ತಮ್ಮ ಏನೋ ಹೇಳಿದ. ಬರಲಿಲ್ಲ. ಕೊನೆಗೆ ಚಿಕ್ಕಮ್ಮ ಮುಂದೆ ಬಂದು, "ಅಕ್ಕಾ, ಭಾವನಿಗೆ ರಾತ್ರಿ ಮಾತ್ರೆ ನಾನು ನೆನಪು ಮಾಡ್ತೀನಿ, ಹೋಗು" ಅಂದಳು. ಕಾಗೆ ಬಂತು.

ಎಲ್ಲರೂ ಅತ್ತೆವು. ಆದರೆ ಆ ಕ್ಷಣದಲ್ಲೂ ನನ್ನ ತಲೆಯ ಒಂದು ಮೂಲೆ, ಪಕ್ಕದ ಎಲೆ ಖಾಲಿಯಾಯಿತಲ್ಲ, ಅದಕ್ಕೆ ಬಂತು ಅನ್ನುತ್ತಿತ್ತು. ಆರು ವರ್ಷದಿಂದ ಆ ಯೋಚನೆ ಒಂದು ಪಾಪದ ಹಾಗೆ ನನ್ನಲ್ಲಿತ್ತು. ನಂಬಿದರೆ ದಡ್ಡ, ನಂಬದಿದ್ದರೆ ಕಟುಕ. ಈ ಮನುಷ್ಯ ಎರಡನ್ನೂ ಒಂದೇ ಉಸಿರಿನಲ್ಲಿ ಹಾಡಿದ್ದನ್ನು ಕೇಳಿದ ಮೇಲೆ ಸ್ವಲ್ಪ ಹಗುರವಾಯಿತು. ಕಾಗೆ ಚಿಕ್ಕಮ್ಮನ ಮಾತಿಗೂ ಬಂದಿರಬಹುದು, ಹಸಿವಿಗೂ ಬಂದಿರಬಹುದು. ಚಿಕ್ಕಮ್ಮ ಮಾತ್ರ ಇವತ್ತಿಗೂ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಾಳೆ. ಬಿಪಿ ಮಾತ್ರೆ.

ರೆಕಾರ್ಡಿಗೆ ಬರುತ್ತೇನೆ. ಎಲ್ಲ ಹಾಡಿನ ಬಗ್ಗೆಯೂ ಹೇಳುವುದಿಲ್ಲ. 'ಸೋರಿಯಾ ಮೋರಿಯಾ' ನನಗೆ ಸ್ವಲ್ಪ ಉದ್ದವೇ ಆಯಿತು. ನಾರ್ವೆಯ ಚಿತ್ರಕಾರ ಕಿಟೆಲ್ಸೆನ್ ಬರೆದ, ದೂರದಲ್ಲಿ ಹೊಳೆಯುವ ಅರಮನೆಯ ಚಿತ್ರದ ಸುತ್ತ ಅದು ಸುತ್ತುತ್ತದೆ. ಹಳೆಯ ಎಲ್ವೆರಮ್ ಮತ್ತೆ ಮಂಜು ಹುಡುಕಿಕೊಂಡು ಹೊರಟ ಹಾಗೆ ಅನ್ನಿಸಿತು. 'ಎಂಪ್ಟಿನೆಸ್ ಪಾರ್ಟ್ 2' ಅನ್ನುವುದು ಅದಕ್ಕೆ ತಿರುಗೇಟಿನ ಹಾಗಿದೆ. ಹಿಂದೆ ಇದೇ ಹೆಸರಿನ ಒಂದು ಹಾಡು ಮಾಡಿ ಶೂನ್ಯವನ್ನು ಹೊಗಳಿದ್ದವನು, ಈ ಆಸ್ಪತ್ರೆಗಳ ದಾರಿ ಗೊತ್ತಾಗುವ ಮೊದಲು ಶೂನ್ಯದ ಬಗ್ಗೆ ಮಾತಾಡುವುದು ಚೆನ್ನಾಗಿತ್ತು ಅನ್ನುತ್ತಾನೆ. ಓದಿ ತಿಳಿದುಕೊಂಡ ವೈರಾಗ್ಯ ಎಲ್ಲ ನಮ್ಮಲ್ಲೂ ಆಸ್ಪತ್ರೆಯ ಕ್ಯಾಂಟೀನಿನವರೆಗೆ ಬರುತ್ತದೆ, ವಾರ್ಡಿನ ಒಳಗೆ ಬರುವುದಿಲ್ಲ.

'ಮೈ ಕ್ಯಾಸಂ' ಅಂತ ಒಂದಿದೆ. ಅದನ್ನು ನೀನು ಕೇಳಲೇಬೇಕು. ಅಂಗಡಿಯಲ್ಲಿ ಪರಿಚಯದವರು ಸಿಗುತ್ತಾರೆ. ಏನು ಮಾತಾಡಬೇಕು ಅಂತ ಅವರಿಗೂ ಗೊತ್ತಿಲ್ಲ, ಇವನಿಗೂ ಗೊತ್ತಿಲ್ಲ. ದಿನಸಿ ಸಾಲಿನ ನಡುವಿನ ಆ ಜಾಗವೇ ಒಂದು ಕಮರಿ ಆಗಿಬಿಡುತ್ತದೆ. ಎಲ್ಲರಿಗೂ ಅಲ್ಲಿಂದ ಹೊರಟರೆ ಸಾಕು ಅನ್ನಿಸಿರುತ್ತದೆ. ನನ್ನ ಸತ್ತ ಹೆಂಡತಿಯ ವಿಷಯವನ್ನು ಇವರು ಇನ್ನೂ ಕೇಳಬೇಕಾ ಅಂತ ಯೋಚಿಸುತ್ತಾನೆ. ನೀನು ನಿನ್ನ ಆಫೀಸಿನಲ್ಲಿ ಕಾಫಿ ಮೆಷಿನ್ ಹತ್ತಿರ ಜನ ದಾರಿ ಬದಲಿಸುತ್ತಾರೆ ಅಂದಿದ್ದೆಯಲ್ಲ, ಅದೇ. ಆ ಕಮರಿಯನ್ನು ಬೇಗ ಮುಚ್ಚಲು ಕೈಗೆ ಸಿಕ್ಕ ಕಲ್ಲು ಎಸೆಯುವವರು ಇರುತ್ತಾರೆ. 'ಪಾಠ ಕಲಿಸೋಕೇ ಬರುತ್ತೆ' ಅನ್ನುವುದು ಅಂಥ ಕಲ್ಲು. ಎಸೆದವನು ನಾನು.

ಆಮೇಲೆ ಹಲ್ಲುಜ್ಜುವ ಬ್ರಷ್ಷಿನ ಹಾಡು. ನೀನು ಹೋಗಿ ಮೂರು ತಿಂಗಳು ಒಂದು ದಿನಕ್ಕೆ ಇದು ಗೊತ್ತಾಯಿತು ಅನ್ನುತ್ತಾನೆ. ಏನು? ಫೋಟೋಗಳು ಮೆಲ್ಲಗೆ ಅವಳ ಜಾಗಕ್ಕೆ ಬಂದು ಕೂರುತ್ತಿವೆ. ಪಕ್ಕದ ಕೋಣೆಯಲ್ಲಿ ಅವಳು ಇದ್ದಾಳೆ ಅಂತ ನೋಡದೆಯೇ ಗೊತ್ತಾಗುವುದು ಇದೆಯಲ್ಲ, ಯಾರೂ ಫೋಟೋ ತೆಗೆಯದ ಆ ಸುಮ್ಮನಿರುವ ಹೊತ್ತು, ಅದು ಅಳಿಸಿಹೋಗುತ್ತಿದೆ. ಕೊನೆಗೆ ಮಹಡಿಯ ಬಚ್ಚಲಿನ ಕಸದ ಬುಟ್ಟಿ ಖಾಲಿ ಮಾಡುತ್ತಾನೆ. ಅದರಲ್ಲಿ ಅವಳ ರಕ್ತ ಒರೆಸಿದ ಕಾಗದ, ಅವಳ ಬ್ರಷ್ಷು. ಕೋಣೆಯಲ್ಲಿ ಒಂದು ನೊಣ ಹಾರುತ್ತಿರುತ್ತದೆ. ಇದೂ ನೀನೇ ಇರಬಹುದಾ ಅಂತ ಕೇಳಿ, ಕಿಟಕಿ ತೆಗೆದು ಹೊರಗೆ ಬಿಡುತ್ತಾನೆ. ಒಳ್ಳೆಯದೇನೂ ಅನ್ನಿಸಲಿಲ್ಲ ಅಂತಾನೆ.

ನಮ್ಮ ಅಜ್ಜಿಯ ಊರಿನಲ್ಲಿ ಸಾವಾದಾಗ ಹೆಂಗಸರು ಹಾಡಾಡಿ ಅಳುತ್ತಿದ್ದದ್ದು ನಿನಗೂ ಗೊತ್ತು. ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಹೊಸ್ತಿಲಲ್ಲಿ ನಿಂತು ನೋಡಿ ಮನೆಗೆ ಬಂದು ಅಣಕಿಸಿ ಒದೆ ತಿಂದಿದ್ದೆವು. ಅವರೇನು ಹೇಳುತ್ತಿದ್ದರು? ದೇವರು, ಮೋಕ್ಷ ಎಲ್ಲ ಕಡಿಮೆ. ನಿನ್ನ ಎಲೆಅಡಿಕೆ ಚೀಲ ಯಾರಿಗೆ ಕೊಡಲಿ, ಎಮ್ಮೆ ನಿನ್ನ ಕೈಗಲ್ಲದೆ ಹಾಲು ಕೊಡಲ್ಲವಲ್ಲ, ನೀನು ಹಾಕಿದ ಸೌತೆ ಬಳ್ಳಿ ಹೂ ಬಿಟ್ಟಿದೆ ನೋಡು ಬಾ. ಬರೀ ಸಾಮಾನಿನ ಪಟ್ಟಿ. ಸತ್ತವರಿಗೆ ನೇರವಾಗಿ, ನೀನು ಅಂತ ಮಾತಾಡುವುದು. ಪ್ರಾಸ ಇಲ್ಲ, ಪಲ್ಲವಿ ಇಲ್ಲ, ಉಸಿರು ಎಲ್ಲಿ ನಿಂತರೆ ಅಲ್ಲಿ ಸಾಲು ಮುಗಿಯುತ್ತದೆ. ಟೆರೇಸಿನ ಮೇಲೆ ಕೂತಿದ್ದಾಗ ಹೊಳೆದದ್ದು ಇದು. ಇದೇನು ಹಾಡಾ ಅಂತ ಆರು ವರ್ಷದ ಹಿಂದೆ ಕೇಳಿದ್ದೆನಲ್ಲ, ನನಗೆ ಎಂಟನೇ ವಯಸ್ಸಿನಿಂದ ಗೊತ್ತಿದ್ದ ಹಾಡೇ ಅದು. ವ್ಯತ್ಯಾಸ ಒಂದೇ. ಆ ಹೆಂಗಸರ ಸುತ್ತ ಇಡೀ ಕೇರಿ ಕೂತಿರುತ್ತಿತ್ತು. ಇವನು ಒಬ್ಬನೇ, ಮೈಕಿನ ಮುಂದೆ.

ಬೇರೊಬ್ಬರ ಮನೆಯ ದುಃಖವನ್ನು ಹೀಗೆ ಇಯರ್‌ಫೋನ್ ಹಾಕಿಕೊಂಡು ಕೇಳುವುದು ಸರಿಯಾ ಅಂತಲೂ ಅನ್ನಿಸಿತು. ಅವನಿಗೂ ಅನ್ನಿಸಿರಬೇಕು. ಅವಳನ್ನು ಪ್ರೀತಿಸುತ್ತೇನೆ ಅನ್ನುವ ನನ್ನ ದನಿ ಹೆಚ್ಚಾಗಲಿ, ಅದು ಜನಕ್ಕೆ ಗೊತ್ತಿರಲಿ ಅಂತ ಇದನ್ನು ಹೊರಗೆ ಬಿಡುತ್ತಿದ್ದೇನೆ ಅಂತ ರೆಕಾರ್ಡಿನ ಜೊತೆ ಬರೆದುಕೊಂಡಿದ್ದ. ಆಮೇಲೆ ಇದನ್ನೇ ಊರೂರಿಗೆ ಹೋಗಿ ಹಾಡಬೇಕಾಯಿತು. ಮುಂದಿನ ವರ್ಷ, 2018ರಲ್ಲಿ, 'ನೌ ಓನ್ಲಿ' ಅನ್ನುವ ರೆಕಾರ್ಡು ಮಾಡಿದ. ಅದರಲ್ಲಿ ಮರುಭೂಮಿಯ ಸಂಗೀತೋತ್ಸವವೊಂದಕ್ಕೆ ಹೋಗಿ, ನಶೆಯಲ್ಲಿದ್ದ ಹುಡುಗ ಹುಡುಗಿಯರ ಮುಂದೆ ನಿಂತು ಸಾವಿನ ಹಾಡು ಹಾಡಿದ್ದನ್ನು ಹೇಳುತ್ತಾನೆ. ಒಂದು ಕಡೆ ಕ್ಯಾನ್ಸರ್ ಬಂದು ಜನ ಸಾಯುತ್ತಾರೆ ಅನ್ನುವುದನ್ನೇ ಹೆಚ್ಚುಕಡಿಮೆ ಕುಣಿಯುವ ಧಾಟಿಯಲ್ಲಿ ಹಾಡಿಬಿಡುತ್ತಾನೆ. ನಾನು ನಕ್ಕುಬಿಟ್ಟೆ. ಅಪ್ಪನ ವೈಕುಂಠದ ದಿನ ನೀನು ಮತ್ತು ನಿನ್ನ ತಂಗಿ ಹಿತ್ತಲಲ್ಲಿ ಲಾಡು ತಿನ್ನುತ್ತಾ ನಕ್ಕು ನಕ್ಕು ಸುಸ್ತಾದಿರಲ್ಲ, ಅಂಥ ನಗು.

ಅವಳದ್ದೂ ಒಂದು ಪುಸ್ತಕ 2018ರಲ್ಲೇ ಬಂತು. ಮಕ್ಕಳ ಚಿತ್ರಪುಸ್ತಕ, 'ಎ ಬಬಲ್'. ಕಾಯಿಲೆಯಿಂದಾಗಿ ಒಂದು ಗುಳ್ಳೆಯೊಳಗೆ ಇರಬೇಕಾದ ಅಮ್ಮ, ಹೊರಗಿನಿಂದ ಬಂದು ಅವಳ ಜೊತೆ ಆಡುವ ಮಗಳು. ಪೂರ್ತಿ ಮಾಡಲು ಅವಳಿಗೆ ಆಗಲಿಲ್ಲ, ಉಳಿದದ್ದನ್ನು ಚಿತ್ರಕಾರ ಆಂಡರ್ಸ್ ನಿಲ್ಸೆನ್ ಮುಗಿಸಿಕೊಟ್ಟ. ಗಂಡನ ಹಾಡು ಕೇಳಿ ಅವಳ ಚಿತ್ರ ನೋಡದೆ ಇದ್ದರೆ ಅರ್ಧ ಮಾತ್ರ ಕೇಳಿದ ಹಾಗೆ ಅನ್ನಿಸುತ್ತದೆ. ಹಾಡಿನಲ್ಲಿ ಅವಳು 'ನೀನು'. ಪುಸ್ತಕದಲ್ಲಿ ಅವಳೇ ಮಾತಾಡುತ್ತಾಳೆ.

ಇನ್ನು ಕೊನೆಯ ಹಾಡು, 'ಕ್ರೋ'. ಇಲ್ಲೊಂದು ತಕರಾರಿದೆ, ಅಥವಾ ಇತ್ತು. ಹತ್ತು ಹಾಡು ಅವನು ಗುರುತು, ಸಂಕೇತ, ಶಕುನ ಎಲ್ಲವನ್ನೂ ದೂರ ಇಟ್ಟಿದ್ದಾನೆ. ನಡುವೆ 'ರೇವನ್ಸ್' ಅನ್ನುವ ಹಾಡಿನಲ್ಲಿ ಅವಳ ಕಾಯಿಲೆಯ ಸಮಯದಲ್ಲಿ ಎರಡು ದೊಡ್ಡ ಕಪ್ಪು ಹಕ್ಕಿ ತಲೆಯ ಮೇಲೆ ಹಾರಿದ್ದನ್ನು ನೆನೆಯುತ್ತಾನೆ. ಶಕುನ ಅಂತ ಗೊತ್ತಿತ್ತು, ಯಾವುದರದ್ದು ಅಂತ ಗೊತ್ತಿರಲಿಲ್ಲ ಅನ್ನುತ್ತಾನೆ. ಕೊನೆಯದರಲ್ಲಿ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಸಿಡರ್ ಮರಗಳ ನಡುವೆ ನಡೆಯುತ್ತಿರುತ್ತಾನೆ. ಚಳಿ. ಉಳಿದ ಹಕ್ಕಿಗಳ ಸದ್ದಿಲ್ಲ. ಒಂದು ಕಾಗೆ ಮಾತ್ರ ಹಿಂದೆ ಹಿಂದೆ ಬರುತ್ತಿರುತ್ತದೆ. ಮಗು ಹೆಗಲ ಮೇಲೆ ತೂಕಡಿಸುತ್ತಾ ನಿದ್ದೆಯಲ್ಲೇ ಗೊಣಗುತ್ತದೆ: ಕಾಗೆ. ಮತ್ತೆ: ಕಾಗೆ. ಕಾಗೆಯ ಕನಸು ಕಾಣ್ತಾ ಇದ್ದೀಯಾ ಅಂತ ಇವನು ಕೇಳುತ್ತಾನೆ. ಆಮೇಲೆ, ಅಲ್ಲಿ ಅವಳಿದ್ದಳು, ಅಂತ ಒಂದು ಮಾತು. ರೆಕಾರ್ಡು ಮುಗಿಯಿತು.

ಮೊದಲು ನನಗೆ ಸಿಟ್ಟು ಬಂತು. ಇಷ್ಟು ಹೊತ್ತು ಅರ್ಥ ಗಿರ್ಥ ಬೇಡ ಅಂದವನು ಕೊನೆಗೆ ಕಾಗೆಯಲ್ಲಿ ಹೆಂಡತಿಯನ್ನು ಕಂಡುಬಿಟ್ಟನಲ್ಲ, ಇದು ಜಾರಿಕೊಂಡ ಹಾಗಲ್ವಾ ಅಂತ. ಎರಡನೇ ಸಲ ಕೇಳಿದಾಗ ಗಮನಿಸಿದೆ. ಕಾಗೆ ಅಂದದ್ದು ಅವನಲ್ಲ, ಮಗು. ಒಂದೂ ಮುಕ್ಕಾಲು ವರ್ಷದ ಮಗುವಿಗೆ ಸಂಕೇತ ಗೊತ್ತಿಲ್ಲ. ಸಾವು ಗೊತ್ತಿದೆಯೋ ಇಲ್ಲವೋ. ಇನ್ನೊಂದು ಹಾಡಿನಲ್ಲಿ ಅದು ಅಮ್ಮ ಈಜ್ತಾಳಾ ಅಂತ ಕೇಳುತ್ತದೆ. ಹೌದು, ಈಗ ಬಹುಶಃ ಅವಳು ಮಾಡುವುದೇ ಅದು ಅಂತ ಇವನು ಹೇಳುತ್ತಾನೆ. ಪ್ರಶ್ನೆ ಮಗುವಿನದು, ಕಾಗೆಯೂ ಮಗುವಿನದು. ಇವನು ಹೌದು ಅಂದ, ಅಷ್ಟೇ. ಚಿಕ್ಕಮ್ಮ ಮೆಟ್ಟಿಲ ಮೇಲೆ ನಿಂತು ಕಾಗೆಗೆ ಮಾತು ಕೊಟ್ಟಾಗ ನಾವು ಹತ್ತು ಜನ ಕಣ್ಣೊರೆಸಿಕೊಂಡು ಹೌದು ಅಂದೆವಲ್ಲ, ಹಾಗೆ.

ಆಮೇಲೂ ಅವನು ನಿಲ್ಲಿಸಿಲ್ಲ. 2020ರಲ್ಲಿ ಹಳೆಯ ಹೆಸರಿಗೆ ವಾಪಸ್ ಹೋಗಿ ಮುಕ್ಕಾಲು ಗಂಟೆಯ ಒಂದೇ ಹಾಡಿನ ರೆಕಾರ್ಡು ಮಾಡಿದ. 2024ರಲ್ಲಿ 26 ಹಾಡುಗಳ 'ನೈಟ್ ಪ್ಯಾಲೇಸ್'. ಅದರಲ್ಲಿ ಮಂಜು, ಗಾಳಿ ಎಲ್ಲ ವಾಪಸ್ ಬಂದಿವೆ. ಈ ಸಲ ನನಗೆ ಜಾಸ್ತಿ ಅನ್ನಿಸಲಿಲ್ಲ.

ನಿನಗೆ ಇದನ್ನು ಈಗಲೇ ಕೇಳು ಅಂತ ಹೇಳುತ್ತಿಲ್ಲ. ನಾನೇ ಆರು ವರ್ಷ ತೆಗೆದುಕೊಂಡವನು. ಮುಂದಿನ ಸಲ ಫೆರಿ ಹಿಡಿಯಲು ಆ ಕಡೆ ಹೋದಾಗ ಸೇತುವೆ ದಾಟಿದ ಮೇಲೆ ಎಡಕ್ಕೆ ಒಮ್ಮೆ ನೋಡು, ಗುಡ್ಡ ಕಂಡರೂ ಕಾಣಬಹುದು. ಕಾರಿನಲ್ಲಿ ಒಬ್ಬನೇ ಇದ್ದರೆ ಹಾಕಿಕೋ. ಹೆಂಡತಿ ಮಕ್ಕಳಿದ್ದರೆ ಬೇಡ, ಮಗಳು ಬೇರೆ ಹಾಡು ಹಾಕು ಅಂತ ಗಲಾಟೆ ಮಾಡುತ್ತಾಳೆ. ಅವಳದ್ದೂ ತಪ್ಪಿಲ್ಲ.

ಅವತ್ತು ಹೇಳಿದ ಮಾತು ವಾಪಸ್ ತೆಗೆದುಕೊಂಡೆ. ನೀನು ಇದರಿಂದ ಏನನ್ನೂ ಕಲಿಯಬೇಕಾಗಿಲ್ಲ.

ಇನ್ನೊಂದು. ನಿನ್ನೆ ಭಾನುವಾರ ನಿಮ್ಮ ಮನೆಗೆ ಹೋಗಿದ್ದೆ. ಅಮ್ಮ ಚೆನ್ನಾಗಿದ್ದಾರೆ, ಉಪ್ಪಿಟ್ಟು ತಿನ್ನಿಸಿದರು, ಮೊಣಕಾಲು ಮಾತ್ರ ಹಾಗೇ ಇದೆ. ಚಪ್ಪಲಿ ವಿಷಯ ನಾನು ಕೇಳಲಿಲ್ಲ. ಹೊರಡುವಾಗ ಬಾಗಿಲ ಹಿಂದೆ ಕಣ್ಣಿಗೆ ಬಿತ್ತು. ಯಾರೂ ತೆಗೆದಿಟ್ಟಿಲ್ಲ. ಕೊಡೆ ನೇತುಹಾಕುವ ಮೊಳೆಯ ಕೆಳಗೆ, ಎರಡೂ ಒಂದರ ಪಕ್ಕ ಒಂದು. ಎಡಗಾಲಿನದಕ್ಕೆ ಹೆಬ್ಬೆರಳಿನ ಹತ್ತಿರ ಕಪ್ಪು ದಾರದಲ್ಲಿ ಹೊಲಿಗೆ ಹಾಕಿಸಿದ್ದಾರೆ. ದಾರ ಹೊಸದು.

ಇಂತಿ ನಿನ್ನ ಗೆಳೆಯ